ಕಸಿ ಮಾಡಿದ ಕಣ್ಣಿಗೆ ಬೂಷ್ಟಿನ ಕಾಟ

ಬೂಷ್ಟಿನ ಉಪಟಳ ಎಂಥದೆಂಬುದನ್ನು ಅಡಿಕೆ, ಕಾಫಿ ಬೆಳೆಗಾರರಾದ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಒಣಗದ ಅಡಿಕೆಯಿಂದ ಹಿಡಿದು ಗೋಡೆಯ ಪಟದವರೆಗೆ ಅದು ಹಿಡಿಯದ ವಸ್ತುವಿಲ್ಲ. ಆದರೆ ಇಂಥ ಶಿಲೀಂಧ್ರಗಳು ಮನುಷ್ಯನ ಕಣ್ಣಿನಲ್ಲಿಯೂ ಬೆಳೆಯುತ್ತವೆ, ಕಸಿ ಮಾಡಿಸಿಕೊಂಡ ಕಣ್ಣಿಗಂತೂ ಇವುಗಳ ಭಯ ಹೆಚ್ಚು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಕಣ್ಣಿನ ಪಾಪೆಯ ಮುಂದೆ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಮರಗಸಿ ಮಾಡುವಾಗ ಬಡಿಯುವ ರೆಂಬೆ, ಅಡಿಕೆ ಸೋಗೆಯ ತುದಿ, ಸಿಪ್ಪೆಯ ನಾರು ಇದನ್ನು ಗೀರಿದರೆ ಮಣ್ಣಿನಲ್ಲೂ ಕೊಳೆತ ಎಲೆಯಲ್ಲೂ ಇರುವ ಫ್ಯುಸೇರಿಯಂ, ಆಸ್ಪರ್ಜಿಲಸ್ ಮೊದಲಾದ ಶಿಲೀಂಧ್ರಗಳು ಒಳಹೊಕ್ಕು ಹುಣ್ಣಾಗುತ್ತದೆ. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿದು ದೃಷ್ಟಿ ಹೋಗಬಹುದು. ಆಗ ದಾನವಾಗಿ ಬಂದ ಕಾರ್ನಿಯಾವನ್ನು ಕಸಿ ಮಾಡುತ್ತಾರೆ.

ಮೊದಲ ಬಾರಿಗೆ ಇದರಲ್ಲಿ ಯಶಸ್ಸು ಕಂಡವರು ಡಾ. ಎಡ್ವರ್ಡ್ ಜಿರ್ಮ್. 1905ರ ಡಿಸೆಂಬರ್‌ನಲ್ಲಿ, ಈಗ ಚೆಕ್ ದೇಶದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ, ಸುಣ್ಣ ಸಿಡಿದು ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರನೊಬ್ಬನಿಗೆ ಅವರು ಕಸಿ ಮಾಡಿದರು. ಎರಡರಲ್ಲಿ ಒಂದು ಕಸಿ ಹಿಡಿಯಿತು. ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವ ನಾವು ಇದನ್ನು ನೆನಪಿಡಬೇಕು.

ಗಿಡದ ಕಸಿಯ ಕಟ್ಟಿನೊಳಗೆ ನೀರು ಸೇರಿದರೆ ಏನಾಗುತ್ತದೆಂದು ನಾವು ಬಲ್ಲೆವು. ಕಣ್ಣಿನ ಕಸಿಗೂ ಇಂಥ ದುರ್ಬಲ ಜಾಗಗಳಿವೆ. ನರಗಳು ಕತ್ತರಿಸಿರುವುದರಿಂದ ಕಸ ಬಿದ್ದರೂ ಬೇಗ ಗೊತ್ತಾಗುವುದಿಲ್ಲ. ಹೊಲಿಗೆಯ ದಾರ ಅನೇಕ ವೇಳೆ ವರ್ಷಕ್ಕೂ ಹೆಚ್ಚು ಕಾಲ ಕಣ್ಣಿನಲ್ಲಿರುತ್ತದೆ. ಅದು ಸಡಿಲವಾದರೆ ಅಲ್ಲಿ ಕೊಳೆ ನಿಂತು ಸೋಂಕಿಗೆ ದಾರಿಯಾಗುತ್ತದೆ. ಮೊದಲಿನ ಹುಣ್ಣು ಶಿಲೀಂಧ್ರದಿಂದಲೇ ಆಗಿದ್ದರೆ, ಅಂಚಿನಲ್ಲಿ ಉಳಿದ ಅದರ ಎಳೆಗಳು ಹೊಸ ಪಟಲಕ್ಕೂ ಹಬ್ಬಬಹುದು. ಅಪರೂಪಕ್ಕೆ ದಾನದ ಪಟಲದ ಜೊತೆಗೇ ಸೋಂಕು ಬರುವುದೂ ಉಂಟು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಪರರ ಪಟಲವನ್ನು ನಮ್ಮ ದೇಹ ತಿರಸ್ಕರಿಸದಂತೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿಗಳನ್ನು ಹಾಕಬೇಕಾಗುತ್ತದೆ. ದೇಹ ಕಸಿಯನ್ನು ತಿರಸ್ಕರಿಸುವಾಗ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕು ಚುಚ್ಚುತ್ತದೆ, ದೃಷ್ಟಿ ಮಂಜಾಗುತ್ತದೆ. ಶಿಲೀಂಧ್ರ ತಗಲಿದಾಗಲೂ ಇವೇ ಲಕ್ಷಣಗಳು! ಆದರೆ ಮೊದಲನೆಯದಕ್ಕೆ ಸ್ಟೀರಾಯ್ಡ್ ಹೆಚ್ಚಿಸಬೇಕು. ಎರಡನೆಯದಕ್ಕೆ ಅದೇ ಹನಿ ಬೆಂಕಿಗೆ ತುಪ್ಪ ಸುರಿದಂತೆ. ಯಾವುದೆಂದು ತಿಳಿಯಲು ವೈದ್ಯರು ಕಣ್ಣನ್ನು ಪರೀಕ್ಷಿಸಿ, ಸಂದೇಹವಿದ್ದರೆ ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಔಷಧಿಯಂಗಡಿಯಲ್ಲಿ ಹಳೆಯ ಚೀಟಿ ತೋರಿಸಿದರೆ ಇದು ಗೊತ್ತಾಗುವುದಿಲ್ಲ.

ಶಿಲೀಂಧ್ರದ ಹುಣ್ಣಿಗೆ ನಾಟಮೈಸಿನ್ ಹನಿ ಮುಖ್ಯ ಔಷಧಿ. ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದರಲ್ಲಿಯೂ ಫ್ಯುಸೇರಿಯಂ ಹುಣ್ಣಿಗೆ, ವೊರಿಕೊನಜೋಲ್‌ಗಿಂತ ಇದೇ ಮೇಲೆಂದು ಕಂಡುಬಂತು. ವಾರಗಟ್ಟಲೆ ಬಿಡದೆ ಹಾಕಬೇಕಾಗುತ್ತದೆ. ಸೋಂಕು ಆಳಕ್ಕಿಳಿದರೆ ಮತ್ತೊಮ್ಮೆ ಕಸಿ ಮಾಡಬೇಕಾದೀತು, ಕಣ್ಣೇ ಹೋಗಲೂಬಹುದು.

ಆದ್ದರಿಂದ ಬೆಳೆಗಾರ ಬಂಧುಗಳು ಈ ಕೆಳಗಿನ ವಿಷಯಗಳನ್ನು ಗಮನಿಸಬೇಕಾಗಿ ವಿನಂತಿ:

1. ಕಸಿಯಾದ ಕಣ್ಣು ಕೆಂಪಾದರೆ, ನೋವು ಬಂದರೆ, ಮಂಜಾದರೆ ಅದೇ ದಿನ ಕಸಿ ಮಾಡಿದ ವೈದ್ಯರ ಬಳಿ ಹೋಗಿರಿ. ಕೊಯ್ಲು ಮುಗಿಯಲಿ ಎಂದು ಕಾಯಬೇಡಿರಿ.

2. ಸ್ಟೀರಾಯ್ಡ್ ಹನಿಯನ್ನು ನೀವಾಗಿ ಹೆಚ್ಚಿಸಲೂಬೇಡಿರಿ, ನಿಲ್ಲಿಸಲೂಬೇಡಿರಿ. ಎದೆಹಾಲು, ಸೊಪ್ಪಿನ ರಸ, ಹರಳೆಣ್ಣೆ ಯಾವುದನ್ನೂ ಬಿಡಬಾರದು.

3. ನೋವಿಲ್ಲದಿದ್ದರೂ ಹೇಳಿದ ದಿನಕ್ಕೆ ಹೋಗಿ ಹೊಲಿಗೆ ತೋರಿಸಿರಿ.

4. ವೈದ್ಯರು ಒಪ್ಪುವವರೆಗೆ ತೋಟದ ಕೆಲಸಕ್ಕೆ ಇಳಿಯಬೇಡಿರಿ. ಇಳಿದ ಮೇಲೂ ಕನ್ನಡಕ ಹಾಕಿರಿ. ಮರಗಸಿ ಮಾಡುವ, ಔಷಧಿ ಹೊಡೆಯುವ ಆಳುಗಳಿಗೂ ಕನ್ನಡಕ ಕೊಡಿಸಿರಿ.

5. ಸುಣ್ಣ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಅರ್ಧ ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ.

ಕಸಿಯ ಒಂದೊಂದು ಪಟಲವೂ ತೀರಿಕೊಂಡವರ ಮನೆಯವರು ದುಃಖದ ನಡುವೆ ಕೊಟ್ಟ ದಾನ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದನ್ನು ನಾಡೆಲ್ಲ ಬಲ್ಲದು. ಮರಣವಾದ ಸುಮಾರು 6 ಗಂಟೆಯೊಳಗೆ ತೆಗೆದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹೀಗೆ ಬಂದದ್ದನ್ನು ಒಂದು ಸೀಸೆ ಹಳೆಯ ಹನಿಯಿಂದ ಕಳೆದುಕೊಳ್ಳುವುದು ಬೇಡ.