ಕೊಯ್ದ ಹೂವಿಗೂ ಉಸಿರುಂಟು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋದವರ ಎದೆ ಹೂವಿನ ಬೆಲೆಯನ್ನು ಕೇಳಿಯೇ ಝಲ್ಲೆನ್ನುವುದು. ಆದರೂ ನಾವು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಅಷ್ಟು ಹಣ ತೆತ್ತು ತಂದ ಹೂವು ಮರುದಿನವೇ ಬಾಡಿದರೆ ಮಾರಿದವರನ್ನು ದೂರುತ್ತೇವೆ. ಆದರೆ ತಪ್ಪು ಎಷ್ಟೋ ಸಲ ನಮ್ಮ ಆಯ್ಕೆಯಲ್ಲಿರುತ್ತದೆ.

ಗಿಡದಿಂದ ಕೊಯ್ದೊಡನೆ ಹೂವು ಸಾಯುವುದಿಲ್ಲ. ಅದು ಉಸಿರಾಡುತ್ತದೆ, ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ವ್ಯಯಮಾಡುತ್ತದೆ, ನೀರನ್ನು ಆವಿಯಾಗಿ ಹೊರಬಿಡುತ್ತದೆ. ಕಳೆದುದನ್ನು ತುಂಬಿಕೊಡುವ ಗಿಡ ಮಾತ್ರ ಹಿಂದೆ ಇಲ್ಲ. ಆದುದರಿಂದ ನಾವು ಹಣ ಕೊಟ್ಟು ಕೊಳ್ಳುವುದು ಹೂವಿನಲ್ಲಿ ಇನ್ನೂ ಉಳಿದಿರುವ ಆಯುಸ್ಸನ್ನು.

ಮಲ್ಲಿಗೆಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಬಲ್ಲರು. ಮಧ್ಯಾಹ್ನ ಮೊಗ್ಗಿನ ದಂಡೆಯನ್ನೇ ಮೊಳದ ಲೆಕ್ಕದಲ್ಲಿ ಕೊಳ್ಳುತ್ತಾರೆ. ದುಂಡುಮಲ್ಲಿಗೆ ಸಂಜೆಗೆ ಬಿರಿದು ಕಂಪನ್ನು ಚೆಲ್ಲುತ್ತದೆ. ಗುಲಾಬಿಯನ್ನು ಕೊಳ್ಳುವಾಗ ಮಾತ್ರ ಈ ಜಾಣತನವನ್ನು ಮರೆತು, ಪೂರ್ತಿ ಅರಳಿದ ದೊಡ್ಡ ಹೂವಿಗೆ ಕೈಚಾಚುತ್ತೇವೆ. ಅದು ಆಯುಸ್ಸಿನ ಬಹುಭಾಗವನ್ನು ಕಳೆದ ಹೂವು. ಬಣ್ಣ ಕಾಣುವಷ್ಟು ಬಿಚ್ಚಿ, ಬುಡದಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿರುವ ಮೊಗ್ಗೇ ಲೇಸು. ತೀರ ಎಳೆಯ ಮೊಗ್ಗು ಅರಳದೆಯೇ ಕತ್ತು ಬಾಗಿಸಬಹುದು.

ಮನೆಗೆ ತಂದ ಮೇಲೆ ನೀರಿನ ಪ್ರಶ್ನೆ. ಕಾಂಡದೊಳಗೆ ನೀರನ್ನು ಮೇಲಕ್ಕೊಯ್ಯುವ ಅತಿ ಸಪೂರವಾದ ನಾಳಗಳಿವೆ. ಕೊಯ್ದಾಗ ಅವುಗಳಲ್ಲಿ ಗಾಳಿ ಹೊಗುತ್ತದೆ. ಹೂದಾನಿಯ ಹಳೆಯ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಗಳೂ ಅವುಗಳ ಬಾಯಿ ಕಟ್ಟುತ್ತವೆ. ಆಗ ಹೂವು ನೀರಿನಲ್ಲಿ ನಿಂತೇ ಬಾಯಾರಿ ಬಾಡುತ್ತದೆ. ಕಾಂಡದ ತುದಿಯನ್ನು ನೀರಿನೊಳಗೆ ಹಿಡಿದು ಹರಿತವಾದ ಚಾಕುವಿನಿಂದ ಕತ್ತರಿಸಿ, ಮುಳುಗುವ ಎಲೆಗಳನ್ನು ಕಿತ್ತು, ದಿನವೂ ನೀರನ್ನು ಬದಲಿಸಿದರೆ ಈ ಸಂಕಟ ಬಹುಮಟ್ಟಿಗೆ ತಪ್ಪುವುದು.

ಕಣ್ಣಿಗೆ ಕಾಣದ ಶತ್ರು ಇನ್ನೊಂದುಂಟು. ಅಮೆರಿಕದ ಷಿಕಾಗೊ ನಗರದ ಗಾಜಿನ ಮನೆಗಳಲ್ಲಿ ಕಾರ್ನೇಷನ್ ಹೂಗಳು ಅರಳಿದ ಮೇಲೂ ಮುದುಡಿಕೊಂಡು ಬೆಳೆಗಾರರಿಗೆ ನಷ್ಟವಾಗುತ್ತಿತ್ತು. ದೀಪಗಳಿಗೆ ಉರಿಸುತ್ತಿದ್ದ ಅನಿಲದಲ್ಲಿನ ಎಥಿಲೀನ್ ಇದಕ್ಕೆ ಕಾರಣವೆಂದು ಕ್ರಾಕರ್ ಮತ್ತು ನೈಟ್ ಎಂಬ ಸಸ್ಯವಿಜ್ಞಾನಿಗಳು 1908ರಲ್ಲಿ ತೋರಿಸಿದರು. ಆ ದೀಪಗಳ ಕಾಲ ಮುಗಿಯಿತು. ಎಥಿಲೀನ್ ನಮ್ಮನ್ನು ಬಿಟ್ಟಿಲ್ಲ. ಮಾಗುವ ಬಾಳೆ, ಸೇಬುಗಳು ಅದನ್ನೇ ಹೊರಬಿಡುತ್ತವೆ. ಹಣ್ಣಿನ ತಟ್ಟೆಯ ಮಗ್ಗುಲಲ್ಲಿ ಹೂದಾನಿಯಿಟ್ಟು ಅಂದವನ್ನು ನೋಡುವ ನಾವು, ಹೂವಿನ ಮುಪ್ಪನ್ನು ನಾವೇ ಬರಮಾಡಿಕೊಳ್ಳುತ್ತೇವೆ.

ಆದುದರಿಂದ ಮುಂದಿನ ಹಬ್ಬಕ್ಕೆ ಚೌಕಾಸಿಗಿಂತ ಮೊದಲು ಒಂದು ಮಾತನ್ನು ಯೋಚಿಸೋಣ: ಈ ಹೂವು ನಮಗೆ ಎಷ್ಟು ದಿನ ಬೇಕು? ಅಂದಿನ ಪೂಜೆಗಾದರೆ ಅರಳಿದುದಿರಲಿ. ನಾಲ್ಕು ದಿನ ಮನೆಯಲ್ಲಿರಬೇಕಾದರೆ ಅರಳಲಿರುವುದನ್ನು ತರೋಣ.