ಮನೆಯ ಕಂಪ್ಯೂಟರಿನಲ್ಲಿ 4ಕೆ ಸಿನಿಮಾ

2007ರಲ್ಲಿ ‘ರೆಡ್ ಒನ್’ ಕ್ಯಾಮೆರಾ ಬಂದಾಗ ಸಣ್ಣ ಬಂಡವಾಳದ ನಿರ್ದೇಶಕರಿಗೂ 4ಕೆ ಚಿತ್ರೀಕರಣ ಎಟುಕಿತು. ಶೂಟಿಂಗ್ ಮುಗಿದ ಮೇಲಿನ ಹಾದಿ ಮಾತ್ರ ದುಬಾರಿಯಾಗಿಯೇ ಉಳಿಯಿತು. ಬಣ್ಣ ತಿದ್ದುವ ಡಿಐ ಕೆಲಸಕ್ಕೆ ಬೇಕಾದ ‘ಡಾವಿಂಚಿ ರಿಸಾಲ್ವ್’ನಂಥ ಯಂತ್ರಗಳ ಬೆಲೆ ಕೆಲವು ಲಕ್ಷ ಡಾಲರ್. ಅವು ದೊಡ್ಡ ಸ್ಟುಡಿಯೊಗಳ ಸೊತ್ತಾಗಿದ್ದವು.

2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ರಿಸಾಲ್ವ್ ತಯಾರಿಸುತ್ತಿದ್ದ ಕಂಪನಿಯನ್ನು ಕೊಂಡಿತು. ಮರುವರ್ಷವೇ ಮ್ಯಾಕ್ ಕಂಪ್ಯೂಟರಿಗೆ ರಿಸಾಲ್ವ್ ತಂತ್ರಾಂಶ 995 ಡಾಲರಿಗೆ ಸಿಕ್ಕಿತು. 2011ರಲ್ಲಿ ಉಚಿತ ಆವೃತ್ತಿಯೂ ಬಂತು. ಇಂದು ಎಡಿಟಿಂಗ್, ಬಣ್ಣ ತಿದ್ದುವ ಗ್ರೇಡಿಂಗ್, ಗ್ರಾಫಿಕ್ಸ್, ಧ್ವನಿ ಮಿಶ್ರಣ ಎಲ್ಲವೂ ಅದರೊಳಗೇ ಆಗುತ್ತವೆ. ಉಚಿತ ಆವೃತ್ತಿಯಲ್ಲೇ 3840×2160 ಅಳತೆಯವರೆಗೆ ಚಿತ್ರವನ್ನು ರೆಂಡರ್ ಮಾಡಬಹುದು. ಸ್ವತಂತ್ರ ಸಿನಿಮಾಕ್ಕೆ ಇಷ್ಟು ದೊಡ್ಡ ನೆರವು ಬೇರೆಲ್ಲಿಂದಲೂ ಬಂದಿಲ್ಲ ಎಂದೇ ನನ್ನ ನಂಬಿಕೆ.

ಆದರೂ ತಂತ್ರಾಂಶ ಪುಕ್ಕಟೆ ಸಿಕ್ಕ ಮಾತ್ರಕ್ಕೆ ಕೆಲಸ ಸಲೀಸಾಗುವುದಿಲ್ಲ. ಕಷ್ಟವಿರುವುದು ಫೂಟೇಜಿನ ಭಾರದಲ್ಲಿ. 4096×2160 ಅಳತೆಯ, 10 ಬಿಟ್‌ನ, ಕುಗ್ಗಿಸದ ಒಂದು ಫ್ರೇಮ್ ಸುಮಾರು 35 ಎಂಬಿ ತೂಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಎಂದರೆ ಗಂಟೆಗೆ ಹತ್ತಿರಹತ್ತಿರ 3 ಟೆರಾಬೈಟ್. ಹೆಚ್ಚಿನ ಕ್ಯಾಮೆರಾಗಳು ಕುಗ್ಗಿಸಿಯೇ ದಾಖಲಿಸುತ್ತವೆ, ನಿಜ. ಆದರೆ ಕುಗ್ಗಿದ್ದನ್ನು ಕ್ಷಣಕ್ಷಣವೂ ಬಿಡಿಸಿ ತೋರಿಸುವ ಹೊರೆ ಕಂಪ್ಯೂಟರಿನ ಮೇಲೆ ಬೀಳುತ್ತದೆ. ಸಾಧಾರಣ ಲ್ಯಾಪ್‌ಟಾಪ್ ತಡವರಿಸುವುದು ಇಲ್ಲೇ.

ಇದಕ್ಕಿರುವ ಅಗ್ಗದ ಉಪಾಯ ಪ್ರಾಕ್ಸಿ. ಪ್ರತಿ ಶಾಟ್‌ಗೂ ಅರ್ಧದ ಅಥವಾ ಕಾಲಳತೆಯ ಹಗುರ ಪ್ರತಿಯೊಂದನ್ನು ಮಾಡಿಕೊಂಡು ಇಡೀ ಎಡಿಟಿಂಗನ್ನು ಅದರಲ್ಲೇ ಮುಗಿಸುವುದು, ಗ್ರೇಡಿಂಗ್ ಹೊತ್ತಿಗೆ ಮೂಲ ಫೂಟೇಜನ್ನು ಮರಳಿ ಜೋಡಿಸುವುದು. ಜೋಡಣೆ ನಡೆಯುವುದು ಫೈಲಿನ ಹೆಸರು ಮತ್ತು ಟೈಮ್‌ಕೋಡ್ ಆಧಾರದ ಮೇಲೆ. ಹಾಗಾಗಿ ಕ್ಯಾಮೆರಾ ಕೊಟ್ಟ ಹೆಸರನ್ನು ಯಾವ ಕಾರಣಕ್ಕೂ ಬದಲಿಸಬಾರದು. ಹೆಸರು ಕಲಸಿಹೋದರೆ ನೂರಾರು ಶಾಟ್‌ಗಳನ್ನು ಕೈಯಿಂದ ಹುಡುಕಿ ಕೂರಿಸಬೇಕಾಗುತ್ತದೆ. ದುಬಾರಿ ಯಂತ್ರದ ಜಾಗವನ್ನು ಇಲ್ಲಿ ತುಂಬುವುದು ಶಿಸ್ತು. ಪವನ್ ಕುಮಾರ್ ಅವರ ‘ಲೂಸಿಯಾ’ದಂತೆ (2013) ಪ್ರೇಕ್ಷಕರ ಹಣದಿಂದಲೇ ಮೂಡುವ ಚಿತ್ರಗಳಿಗೆ ಈ ಶಿಸ್ತು ಉಳಿಸಿಕೊಡುವ ಒಂದೊಂದು ರೂಪಾಯಿಗೂ ಬೆಲೆಯಿದೆ.

ಚಿತ್ರಮಂದಿರಕ್ಕೆ, ಚಿತ್ರೋತ್ಸವಕ್ಕೆ ಕೊಡಬೇಕಾದ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿಯೂ ಈಗ ಕೈಗೆಟುಕುತ್ತದೆ. ‘ಡಿಸಿಪಿ-ಓ-ಮ್ಯಾಟಿಕ್’ ಎಂಬ ಮುಕ್ತ ತಂತ್ರಾಂಶ ಅದನ್ನು ಉಚಿತವಾಗಿ ತಯಾರಿಸುತ್ತದೆ. 4ಕೆಯಲ್ಲಿ ಚಿತ್ರೀಕರಿಸಿದವರೂ 2048×1080 ಚೌಕಟ್ಟಿನ 2ಕೆ ಡಿಸಿಪಿಗೆ ನಾಚಬೇಕಿಲ್ಲ. ಒಳ್ಳೆಯ ಗ್ರೇಡಿಂಗ್ ಇದ್ದರೆ ದೊಡ್ಡ ಪರದೆಯಲ್ಲಿ ಅದೂ ಚೆನ್ನಾಗಿಯೇ ಕಾಣುತ್ತದೆ.

ಹಾಗೆಂದು ಎಲ್ಲದರಲ್ಲೂ ಕೈ ಬಿಗಿಹಿಡಿಯುವುದು ತಪ್ಪು. ಹಾರ್ಡ್ ಡಿಸ್ಕ್‌ಗೆ ಹಣ ಹಾಕಿ. ಎರಡು ಪ್ರತಿಗಳು ಎರಡು ಬೇರೆ ಜಾಗಗಳಲ್ಲಿ ಭದ್ರವಾಗುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ. ಧ್ವನಿಗೆ ಹಣ ಹಾಕಿ. ಕಳಪೆ ಧ್ವನಿಯನ್ನು ಯಾವ ಗ್ರೇಡಿಂಗೂ ಮುಚ್ಚಲಾರದು. ಬಣ್ಣ ಸರಿಯಾಗಿ ತೋರಿಸುವ ಮಾನಿಟರನ್ನು ಬಾಡಿಗೆಗಾದರೂ ತನ್ನಿ.

ಚೊಚ್ಚಲ ಚಿತ್ರಕ್ಕೆ ಸಿದ್ಧರಾಗುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಮುಹೂರ್ತಕ್ಕೆ ಮೊದಲೇ ಐದು ನಿಮಿಷದ ಫೂಟೇಜ್ ತೆಗೆದು, ಪ್ರಾಕ್ಸಿಯಿಂದ ಡಿಸಿಪಿಯವರೆಗೆ ಒಮ್ಮೆ ಪೂರ್ತಿ ಸಾಗಿಸಿ, ನಿಮ್ಮೂರಿನ ಚಿತ್ರಮಂದಿರದವರನ್ನು ಕೇಳಿಕೊಂಡು ಬೆಳಗಿನ ಬಿಡುವಿನಲ್ಲಿ ಪರದೆಯ ಮೇಲೆ ನೋಡಿ.