ಹಾಸಿಗೆ ಹಿಡಿದ ಹಿರಿಯರಿಗೆ ಸದನ ಹುಡುಕುವ ಮುನ್ನ

ಕೊಚ್ಚಿ: ಕಲೂರು, ಪಾಲಾರಿವಟ್ಟಂ, ಇಡಪ್ಪಳ್ಳಿ ಪರಿಸರದ ನಮ್ಮ ಕನ್ನಡಿಗ ಕುಟುಂಬಗಳು ಒಂದೆಡೆ ಸೇರಿದಾಗ ಮದುವೆ-ಮುಂಜಿಯ ಮಾತಿನ ನಡುವೆ ಈಗೀಗ ಇನ್ನೊಂದು ಪ್ರಶ್ನೆಯೂ ನುಸುಳುತ್ತದೆ: "ಅಪ್ಪಯ್ಯನನ್ನು ಎಲ್ಲಿ ಇಡುವುದು?" 'ಇಡುವುದು' ಎಂಬ ಶಬ್ದ ಕಿವಿಗೆ ಹಿತವಲ್ಲ. ಆದರೆ ಕೇಳುವವರು ಕಲ್ಲು ಹೃದಯದವರೇನೂ ಅಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯಿಂದ ಹೋಟೆಲು, ಬ್ಯಾಂಕು ಎಂದು ಬಂದು ಇಲ್ಲಿ ಬದುಕು ಕಟ್ಟಿದ ತಲೆಮಾರಿಗೆ ಈಗ ಎಂಬತ್ತರ ಆಸುಪಾಸು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇದ್ದಾರೆ. ಮನೆಗೆ ಹೋಂ ನರ್ಸ್ ಇಟ್ಟು ಎರಡು-ಮೂರು ವರ್ಷ ತಳ್ಳಿದ ಬಳಿಕ ಸದನದ ಮಾತು ಬರುತ್ತದೆ.

ಈ ರಾಜ್ಯದಲ್ಲಿ ಹಿರಿಯರ ಸಂಖ್ಯೆಯೂ ಹೆಚ್ಚು. 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಶೇ. 8.6 ಇದ್ದರೆ ಕೇರಳದಲ್ಲಿ ಶೇ. 12.6. ಅದಕ್ಕೆ ತಕ್ಕಂತೆ ವೃದ್ಧಸದನಗಳೂ ಇವೆ. ಆದರೆ "ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ" ಎಂಬ ಷರತ್ತು ಹಲವೆಡೆ ಎದುರಾಗುತ್ತದೆ. ಪಾರ್ಶ್ವವಾಯು ಬಡಿದು ಮಲಗಿದವರಿಗೆ, ಸೊಂಟದ ಮೂಳೆ ಮುರಿದವರಿಗೆ, ಮರೆವಿನ ಕಾಯಿಲೆಯವರಿಗೆ ಬಾಗಿಲು ತೆರೆಯುವ ಸದನಗಳು ಕಡಿಮೆ. ಹೀಗಾಗಿ ಒಂದು ಹಾಸಿಗೆ ಸಿಕ್ಕಿದರೆ ಸಾಕೆಂದು ಏನನ್ನೂ ಕೇಳದೆ ಮುಂಗಡ ಕಟ್ಟಿ ಬರುವವರೇ ಹೆಚ್ಚು.

ಕೇಳಬೇಕಾದದ್ದು ಬಹಳ ಇದೆ. ಸದನದ ತೋಟ, ಟೈಲ್ಸ್, ಪ್ರಾರ್ಥನಾ ಮಂದಿರ ನೋಡಿ ಮರುಳಾಗಬೇಕಾಗಿಲ್ಲ; ನೇರ ಹಾಸಿಗೆಯ ಬಳಿಗೆ ಹೋಗಬೇಕು. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ವಾಡಿಕೆ. ತಪ್ಪಿದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಒಡೆದು ಹುಣ್ಣಾಗುತ್ತದೆ. ಒಳ್ಳೆಯ ಸದನದಲ್ಲಿ ಯಾವ ಹೊತ್ತಿಗೆ ಯಾವ ಮಗ್ಗುಲು ಎಂದು ಬರೆದಿಟ್ಟ ಹಾಳೆ ಇರುತ್ತದೆ. ತೋರಿಸಿ ಎಂದು ಕೇಳಿ. "ನಾವು ನೋಡಿಕೊಳ್ಳುತ್ತೇವಲ್ಲ" ಎಂಬ ಉತ್ತರ ಬಂದರೆ ಅನುಮಾನಿಸುವುದೇ ಒಳ್ಳೆಯದು.

ಊಟದ ಹೊತ್ತಿಗೂ ಹೋಗಿ ನೋಡಬೇಕು. ಪಾರ್ಶ್ವವಾಯುವಿನ ಬಳಿಕ ಹಲವರಿಗೆ ನುಂಗುವುದು ಕಷ್ಟ. ಮಲಗಿಸಿಯೇ ಗಂಜಿ ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಕೂರಿಸಿ, ಸಣ್ಣ ತುತ್ತು ಕೊಟ್ಟು, ಉಂಡ ಮೇಲೆ ಅರ್ಧ ಗಂಟೆಯಾದರೂ ಕೂರಿಸಿಯೇ ಇಡಬೇಕು. ಹದಿನೈದು ಮಂದಿಗೆ ಒಬ್ಬಳೇ ಆಯಾ ಇದ್ದಲ್ಲಿ ಇದು ಆಗುವ ಮಾತಲ್ಲ. ಅವಳನ್ನು ದೂರಿ ಪ್ರಯೋಜನವೂ ಇಲ್ಲ. ಇನ್ನು ರಾತ್ರಿ ಪಾಳಿ: ಹಗಲು ಗಿಜಿಗುಟ್ಟುವ ಸದನದಲ್ಲಿ ರಾತ್ರಿ ಎಂಟರ ಮೇಲೆ ಎಷ್ಟು ಮಂದಿ ಎಚ್ಚರವಿರುತ್ತಾರೆ, ಕೈಗಳನ್ನು ಮಂಚಕ್ಕೆ ಕಟ್ಟುವ ಪದ್ಧತಿ ಇದೆಯೇ ಎಂದು ಸಂಕೋಚ ಬಿಟ್ಟು ಕೇಳಬೇಕು. ಗಾಲಿಕುರ್ಚಿ ಬಚ್ಚಲ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂಬುದನ್ನು ಒಮ್ಮೆ ತಳ್ಳಿಯೇ ನೋಡಬೇಕು.

ಕಾನೂನು ಇಲ್ಲವೆಂದಲ್ಲ. ಧರ್ಮಾರ್ಥ ಸದನಗಳ ಮೇಲ್ವಿಚಾರಣೆಗೆ 1960ರ ಕಾಯ್ದೆಯಿದೆ. ಅಂಗವಿಕಲರ ಆರೈಕೆಯ ಸಂಸ್ಥೆಗಳಿಗೆ 2016ರ ಕಾಯ್ದೆಯಡಿ ನೋಂದಣಿ ಕಡ್ಡಾಯ. ಹೆತ್ತವರ ಹಾಗೂ ಹಿರಿಯ ನಾಗರಿಕರ 2007ರ ಕಾಯ್ದೆಯು ಜಿಲ್ಲೆಗೊಂದಾದರೂ ಸರಕಾರಿ ಸದನವನ್ನು ನಿರ್ಗತಿಕರಿಗಾಗಿ ತೆರೆಯುವ ಮಾತಾಡುತ್ತದೆ. ಖಾಸಗಿ ಆರೈಕೆ ಸದನಗಳ ನೋಂದಣಿಯನ್ನೂ ಸೇರಿಸಿಕೊಂಡು ಅದಕ್ಕೆ ತಿದ್ದುಪಡಿ ತರಲು 2019ರಲ್ಲಿ ಮಂಡಿಸಿದ ಮಸೂದೆ ಅಂಗೀಕಾರವಾಗದೆ, 2024ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಕೇರಳ ವಿಧಾನಸಭೆ 2025ರಲ್ಲಿ ಹಿರಿಯರ ಆಯೋಗಕ್ಕಾಗಿ ಕಾಯ್ದೆ ಮಾಡಿದ್ದು ಶ್ಲಾಘನೀಯ. ದೇಶದಲ್ಲಿ ಇದೇ ಮೊದಲು. ಆದರೆ ನೋಂದಣಿ ಪತ್ರ ಗೋಡೆಯಲ್ಲಿ ತೂಗಿದ ಮಾತ್ರಕ್ಕೆ ರಾತ್ರಿ ಮಗ್ಗುಲು ಬದಲಿಸಿದಂತಾಗುವುದಿಲ್ಲ.

ಸದನವೇ ಬೇಕೆಂದೂ ಇಲ್ಲ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಶುಶ್ರೂಷೆ ನೀಡುವುದರಲ್ಲಿ ಕೇರಳ ದೇಶಕ್ಕೇ ಮೇಲ್ಪಂಕ್ತಿ. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಪ್ಯಾಲಿಯೇಟಿವ್ ಸೇವೆ ಊರೂರಿಗೆ ಹಬ್ಬಿ, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಸ್ಥಳೀಯ ಸಂಸ್ಥೆಯ ಪ್ಯಾಲಿಯೇಟಿವ್ ನರ್ಸ್ ಮನೆಗೆ ಬಂದು ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಕ್ಯಾಥೆಟರ್ ಬದಲಿಸುತ್ತಾರೆ. ನಗರ ಪ್ರದೇಶದ 65 ದಾಟಿದವರಿಗೆ 'ವಯೋಮಿತ್ರಂ' ಸಂಚಾರಿ ಕ್ಲಿನಿಕ್ ಉಚಿತ ಔಷಧ ಕೊಡುತ್ತದೆ. ತಿರುವನಂತಪುರದಲ್ಲಿರುವ ನಮ್ಮವರಿಗೆ ಡಾ. ಎಂ. ಆರ್. ರಾಜಗೋಪಾಲ್ ಅವರು 2003ರಲ್ಲಿ ಕಟ್ಟಿದ ಪ್ಯಾಲಿಯಂ ಇಂಡಿಯಾ ಹತ್ತಿರದಲ್ಲೇ ಇದೆ. ಹೊರನಾಡಿನವರಾದ ನಾವು ವಾರ್ಡಿನ ಕೌನ್ಸಿಲರನ್ನು ಕಂಡು ಇದನ್ನೆಲ್ಲ ವಿಚಾರಿಸುವುದು ಕಡಿಮೆ ಎಂಬುದೇ ಬೇಸರ.

ಇಷ್ಟೆಲ್ಲ ಸರಿಯಿದ್ದರೂ ನಮ್ಮ ಹಿರಿಯರಿಗೆ ಉಳಿಯುವ ತೊಡಕು ಭಾಷೆಯದು. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯಲ್ಲಿ ಕುಳಿತು ಸರಾಗ ಮಲಯಾಳ ಆಡಿದವರೂ ಮರೆವಿನ ಕಾಯಿಲೆ ಬಲಿತಾಗ ಅಥವಾ ಪಾರ್ಶ್ವವಾಯುವಿನ ಬಳಿಕ ಕನ್ನಡಕ್ಕೋ ತುಳುವಿಗೋ ಮರಳುವುದುಂಟು. ನಡುವೆ ಕಲಿತ ಭಾಷೆ ಮೊದಲು ಜಾರುತ್ತದೆ. ತುತ್ತು ಕೊಡುವಾಗ ಅಜ್ಜ "ಸಾಕು" ಎನ್ನುತ್ತಾರೆ. ಆಯಾಗೆ ತಿಳಿಯುವುದು "ಮದಿ". ತುತ್ತು ಮುಂದುವರಿಯುತ್ತದೆ, ಅಜ್ಜ ಕೈ ತಳ್ಳುತ್ತಾರೆ, 'ಹಠಮಾರಿ, ಹೊಡೆಯುತ್ತಾರೆ' ಎಂಬ ದೂರು ಮಗನ ಫೋನಿಗೆ ಹೋಗುತ್ತದೆ. ಮಂಪರಿನ ಮಾತ್ರೆ ಶುರುವಾಗುವುದು ಇಂಥ ದೂರಿನಿಂದಲೇ. "ನೀರು" ಎಂದದ್ದು "ವೆಳ್ಳಂ" ಎಂದು, "ಹಸಿವು" ಎಂದದ್ದು "ವಿಶಪ್ಪ್" ಎಂದು ತಿಳಿಯದಿದ್ದರೂ ಇದೇ ಕಥೆ. ಈಗ ಉತ್ತರ ಭಾರತದಿಂದ ಬಂದ ಸಹಾಯಕರೂ ಸದನಗಳಲ್ಲಿರುವುದರಿಂದ ಅಂತರ ಇನ್ನೂ ಹಿಗ್ಗಿದೆ.

ಇದಕ್ಕೆ ಹಣ ಬೇಡ. ಸೇರಿಸುವ ದಿನವೇ ಇಪ್ಪತ್ತು ಕನ್ನಡ ಪದಗಳನ್ನು ಮಲಯಾಳ ಅಕ್ಷರದಲ್ಲಿ, ಎದುರಿಗೆ ಅರ್ಥ ಸಹಿತ, ದಪ್ಪಗೆ ಬರೆದು ಮಂಚದ ತಲೆದಸಿಯಲ್ಲಿ ಅಂಟಿಸಿ ಬರಬಹುದು: ನೀರು, ನೋವು, ಸಾಕು, ಬೇಡ, ಚಳಿ, ಸೆಕೆ, ಹಸಿವು. ಅವರನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಅದರಲ್ಲಿ ಸೇರಿಸಿ. ಸಮಾಜ ಬಾಂಧವರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡು, ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿಸಿ ಬಂದರೆ ಹಿರಿಯರಿಗೂ ಸಂತೋಷ, ಸದನದವರಿಗೂ ಎಚ್ಚರಿಕೆ. ಹಾಗೆ ಹೋದಾಗ ಹೊದಿಕೆ ಸರಿಸಿ ಹಿಮ್ಮಡಿಯನ್ನೊಮ್ಮೆ ನೋಡಿ. ಗಾಯವೋ ಕಟ್ಟಿದ ಗುರುತೋ ಕಂಡು, ಸದನದವರ ಉತ್ತರ ಸರಿಬಾರದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.